ರೆಕ್ಕೆಯ ಮೇಲೆ ಕುಂಕುಮ

ಹಿಂದೂಪುರದ ನನ್ನ ಅಂಗಡಿಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತ ಪುಟ್ಟ ವಿಮಾನಗಳನ್ನು ನೋಡಿ, ಇದು ಹಾರುತ್ತಾ ಅಂತ ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ಹಾಗಾದರೆ ಯಾಕೆ ಮಾಡ್ತೀಯ ಅನ್ನುವುದು ಎರಡನೇ ಪ್ರಶ್ನೆ. ಇಪ್ಪತ್ತು ವರ್ಷವಾದರೂ ಇದಕ್ಕೊಂದು ನೆಟ್ಟಗಿನ ಉತ್ತರ ನನಗೆ ಸಿಕ್ಕಿರಲಿಲ್ಲ. ಕೆಲವರಿಗೆ ಹುಚ್ಚು ಅಂದೆ, ಕೆಲವರಿಗೆ ಹವ್ಯಾಸ ಅಂದೆ, ತೀರಾ ತಲೆ ತಿಂದವರಿಗೆ ನಿಮ್ಮ ನಂಬರ್ ಪ್ಲೇಟು ರೆಡಿಯಾಗಿದೆ, ತೆಗೆದುಕೊಂಡು ಹೋಗಿ ಅಂದೆ.

ನನ್ನದು ಸ್ಟಿಕ್ಕರ್ ಅಂಗಡಿ. ಬೈಕಿನ ನಂಬರ್ ಪ್ಲೇಟು, ಆಟೋದ ಹಿಂದಿನ ಗಾದೆ, ಟ್ರ್ಯಾಕ್ಟರ್ ಟ್ರೈಲರಿಗೆ ಮನೆದೇವರ ಹೆಸರು, ಇದೇ ನನ್ನ ಅನ್ನ. ಅಕ್ಷರ ಕತ್ತರಿಸುವ ಮಷೀನು ಒಂದಿದೆ, ಬಣ್ಣ ಊದುವುದಕ್ಕೆ ಸಣ್ಣ ಕಂಪ್ರೆಸರ್ ಒಂದಿದೆ. ತೆಲುಗು, ಕನ್ನಡ, ಇಂಗ್ಲಿಷು ಮೂರನ್ನೂ ತಪ್ಪಿಲ್ಲದೆ ಕತ್ತರಿಸುತ್ತೇನೆ. ತಪ್ಪು ಬರೆದುಕೊಂಡು ಬಂದವರ ಜೊತೆ ಜಗಳವಾಡಿಯಾದರೂ ತಿದ್ದುತ್ತೇನೆ. ಒಂದು ಕೂದಲೆಳೆಯಷ್ಟು ಆಚೀಚೆಯಾದರೆ ನನಗೆ ಅವತ್ತು ಊಟ ಸೇರುವುದಿಲ್ಲ. ನನ್ನ ಹೆಂಡತಿ ಇದನ್ನು ರೋಗ ಅನ್ನುತ್ತಾಳೆ. ಅಲ್ಲ ಅನ್ನುವ ಧೈರ್ಯ ನನಗಿಲ್ಲ.

ಈ ರೋಗಕ್ಕೆ ತಕ್ಕ ಹುಚ್ಚು ಹತ್ತಿಸಿದವರು ಬೆಂಗಳೂರಿನ ಒಬ್ಬ ಗಿರಾಕಿ. ಲೇಪಾಕ್ಷಿ ನೋಡಿಕೊಂಡು ಬರುವಾಗ ಅವರ ಕಾರಿನ ನಂಬರ್ ಪ್ಲೇಟು ಕಿತ್ತುಹೋಗಿತ್ತು. ನಾನು ಅಕ್ಷರ ಕತ್ತರಿಸುವುದನ್ನು ನೋಡುತ್ತಾ ನಿಂತಿದ್ದವರು, ಅಂಗಿಯ ಗುಂಡಿಗಿಂತ ಚಿಕ್ಕದಾಗಿ, ವೃತ್ತದೊಳಗೆ ವೃತ್ತ ಕತ್ತರಿಸಿಕೊಡಲು ಆಗುತ್ತದಾ ಎಂದು ಕೇಳಿದರು. ಮಷೀನಿನಲ್ಲಿ ಆಗಲಿಲ್ಲ. ಬ್ಲೇಡು ಹಿಡಿದು ಕೈಯಲ್ಲೇ ಕತ್ತರಿಸಿಕೊಟ್ಟೆ. ಎರಡು ತಿಂಗಳ ಮೇಲೆ ಅವರಿಂದ ಒಂದು ಪಾರ್ಸೆಲ್ ಬಂತು. ಒಳಗೆ ಎರಡನೇ ಮಹಾಯುದ್ಧದ ಇಂಗ್ಲಿಷರ ವಿಮಾನವೊಂದು ನೂರು ಚೂರಾಗಿ, ಪ್ಲಾಸ್ಟಿಕ್ ಕಡ್ಡಿಗಳಿಗೆ ಹುಣಸೆಕಾಯಿಯ ಹಾಗೆ ಜೋತಾಡುತ್ತಿತ್ತು. ನಿಮ್ಮ ಕೈಗೆ ಇದು ಒಗ್ಗುತ್ತದೆ ಎಂದು ಒಂದು ಚೀಟಿ. ಅವರು ಕೊಟ್ಟದ್ದು ಬರೀ ಆಟದ ಸಾಮಾನಲ್ಲ ಅನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ. ಇವತ್ತಿಗೂ ಅವರನ್ನು ದಿನಕ್ಕೊಮ್ಮೆ ನೆನೆಯುತ್ತೇನೆ.

ಮೊದಮೊದಲು ಬರೀ ವಿಮಾನ ಮಾಡುತ್ತಿದ್ದೆ. ಆಮೇಲೆ ಅದಕ್ಕೆ ನಿಲ್ಲಲು ನೆಲ ಬೇಕು ಅನ್ನಿಸಿತು. ನೆಲ ಬಂದರೆ ಹುಲ್ಲು, ಹುಲ್ಲು ಬಂದರೆ ಪೆಟ್ರೋಲಿನ ಡ್ರಮ್ಮು, ಡ್ರಮ್ಮು ಬಂದರೆ ಅದನ್ನು ಉರುಳಿಸುವ ಆಳು. ಹೀಗೆ ಒಂದು ಮಣೆಯಗಲದ ಜಾಗದಲ್ಲಿ ಯುದ್ಧಕಾಲದ ಏರ್‌ಫೀಲ್ಡು ಎಬ್ಬಿಸುವ ಕೆಲಸ ಶುರುವಾಯಿತು. ನಾನು ಇಟ್ಟುಕೊಂಡ ನಿಯಮ ಒಂದೇ. ಹಳೆಯ ಫೋಟೋದಲ್ಲಿ ಇರುವುದೆಲ್ಲ ಇರಬೇಕು, ಇಲ್ಲದ್ದು ಒಂದೂ ಇರಬಾರದು. ಕಾಣದ ಇಂಗ್ಲೆಂಡಿನ ಒದ್ದೆ ಹುಲ್ಲನ್ನು ಹಿಂದೂಪುರದ ಬಿಸಿಲಲ್ಲಿ ಕೂತು ಗೋಣಿದಾರಕ್ಕೆ ಹಸಿರು ಹಚ್ಚಿ ನೆಟ್ಟೆ. ಮರಳಿನ ಮೂಟೆಗಳನ್ನು ಮೈದಾ ಹಿಟ್ಟಿನಲ್ಲಿ ಮಾಡಿ ಜೋಡಿಸಿದೆ. ಫೋಟೋದಲ್ಲಿದ್ದ ಹಾಗೇ ಬಂದಿತ್ತು. ಹದಿನೈದು ದಿನಕ್ಕೆ ಇರುವೆಗಳು ಬಂದು ಅಷ್ಟೂ ಮೂಟೆಗಳನ್ನು ತಿಂದು ಹಾಕಿದವು. ಶತ್ರುಗಳ ಬಾಂಬಿಗೆ ಬಗ್ಗದ ಏರ್‌ಫೀಲ್ಡು ಇರುವೆಗೆ ಬಿತ್ತು. ಹಿಟ್ಟಿಗೆ ಸಕ್ಕರೆ ಏನಾದರೂ ಹಾಕಿದ್ದಿರಾ ಎಂದು ನನ್ನ ಹೆಂಡತಿ ಕೇಳಿದಳು. ನಾಲ್ಕು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ.

ನಾನು ಹೀಗೆ ಇಂಗ್ಲೆಂಡು, ಜರ್ಮನಿ ಅಂತ ಅಲೆಯುತ್ತಿದ್ದ ಕಾಲದಲ್ಲೇ ಕಲ್ಯಾಣದುರ್ಗದಲ್ಲಿ ನನ್ನ ಸೋದರಮಾವ ಇದ್ದರು. ಅಮ್ಮನ ಅಣ್ಣ. ನಮಗೆಲ್ಲ ಮಿಲ್ಟ್ರಿ ಮಾವ. ಸೆಟ್ಟೂರಿನ ಕಡೆಯ ಹಳ್ಳಿಯಿಂದ ಹದಿನೆಂಟಕ್ಕೇ ಹೊರಟು, ಹದಿನೈದು ವರ್ಷ ಸರ್ವೀಸು ಮುಗಿಸಿ ಬಂದು, ಕಲ್ಯಾಣದುರ್ಗದಲ್ಲಿ ಬೋರ್‌ವೆಲ್ ಮೋಟಾರಿನ ರಿಪೇರಿ ಅಂಗಡಿ ಹಾಕಿದವರು. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಒಳಗೆ ಯಾವ ಬೇರಿಂಗು ಸವೆದಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದರು. ಬ್ರಹ್ಮಸಮುದ್ರದ ಕಡೆಯ ರೈತರು ಸುಟ್ಟ ಮೋಟಾರನ್ನು ಬಸ್ಸಿನ ಮೇಲೆ ಹಾಕಿಕೊಂಡು ಅವರನ್ನೇ ಹುಡುಕಿ ಬರುತ್ತಿದ್ದರು. ಮಿಲಿಟರಿಯಲ್ಲಿ ಅವರ ಕೆಲಸ ಏನಿತ್ತು ಎಂದು ನಾವು ಯಾರೂ ಕೇಳಲಿಲ್ಲ. ಬಂದೂಕು ಹಿಡಿದಿರುತ್ತಾರೆ, ಇನ್ನೇನು ಅಂದುಕೊಂಡಿದ್ದೆವು.

ಎರಡು ವರ್ಷದ ಹಿಂದೆ ಕಣ್ಣು ತೋರಿಸಲು ಮಾವ ಹಿಂದೂಪುರಕ್ಕೆ ಬಂದರು. ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿನ ನರವೂ ಒಣಗುತ್ತಾ ಬಂದಿದೆ, ಇನ್ನು ಒಂದು ವರ್ಷವೋ ಒಂದೂವರೆಯೋ, ಹೋದದ್ದನ್ನು ವಾಪಸು ತರಲು ಆಗುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ಕೊಳಾಯಿ ಪೈಪಿನೊಳಗಿಂದ ನೋಡಿದ ಹಾಗೆ ನಡುವಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತಿತ್ತು. ಮಾವ ಅಳಲಿಲ್ಲ, ಬೈಯಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿದ್ದರಿಂದ ನನ್ನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂತರು. ಕಪಾಟಿನ ಇಂಗ್ಲಿಷ್ ವಿಮಾನವನ್ನು ಕೇಳಿ ತೆಗೆಸಿಕೊಂಡು, ಮೂಗಿನ ತುದಿಗೆ ಹಿಡಿದು, ಅದರ ಉದ್ದಗಲವನ್ನೆಲ್ಲ ಚೂರು ಚೂರಾಗಿ ನೋಡಿದರು. ಚಕ್ರ ಉರುಳದ ಹಾಗೆ ನಾನು ಕೊಟ್ಟಿದ್ದ, ಎಳೆದು ತೆಗೆಯಲು ಹಗ್ಗ ಕಟ್ಟಿದ ಮರದ ಅಡ್ಡತುಂಡುಗಳ ಹತ್ತಿರ ಅವರ ಉಗುರು ನಿಂತಿತು.

"ಹಗ್ಗಾನ ಒಳಗಡೀಕೆ ಇಕ್ಕಿದ್ದೀಯಲ್ಲೋ. ಇಂಜಿನ್ನು ತಿರುಗ್ತಿರುವಾಗ ಇದನ್ನ ಎಳೆಯೋನು ಯಾವ ಕಡೆಯಿಂದ ಬತ್ತಾನೆ? ಅವನ ತಲೆ ಉಳೀತದಾ?"

ಇಪ್ಪತ್ತು ವರ್ಷದಲ್ಲಿ ಹಾರುತ್ತಾ ಎಂದು ಕೇಳದೆ ಇಂಥ ಪ್ರಶ್ನೆ ಕೇಳಿದ ಮೊದಲ ಮನುಷ್ಯ ನನ್ನ ಸ್ವಂತ ಮಾವ. ಕೆದಕಿ ಕೆದಕಿ ಕೇಳಿದ ಮೇಲೆ ಒಂದೊಂದೇ ಹೊರಬಂತು. ಅವರು ಇದ್ದದ್ದು ವಿಮಾನಪಡೆಯಲ್ಲಿ. ಯುದ್ಧವಿಮಾನದ ಮೆಕ್ಯಾನಿಕ್ಕು. ಎಪ್ಪತ್ತೊಂದರ ಯುದ್ಧದಲ್ಲಿ ಗಡಿಯ ಕಡೆಯ ಒಂದು ಏರ್‌ಫೀಲ್ಡಿನಲ್ಲಿ, ನ್ಯಾಟ್ ಎಂಬ ಪುಟ್ಟ ಜೆಟ್ಟೊಂದನ್ನು ನೋಡಿಕೊಳ್ಳುವ ಕೆಲಸ. ಯಾವ ಏರ್‌ಫೀಲ್ಡು ಅಂದರೆ, ಅದನ್ನೆಲ್ಲ ಹೇಳಂಗಿಲ್ಲ ಅಂದರು. ಐವತ್ತು ವರ್ಷ ದಾಟಿದ ಮೇಲೂ ಅವರಿಗೆ ಅದು ಗುಟ್ಟೇ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದವನು ಎಂದರೆ ನಾನೇ. ನನಗೆ ನಾಚಿಕೆಯಾಯಿತು, ಅಷ್ಟೇ ಖುಷಿಯೂ ಆಯಿತು.

ಬಸ್ಸಿಗೆ ಏಳುವಾಗ ಮಾವ ನನ್ನ ಭುಜ ಹಿಡಿದುಕೊಂಡರು. "ನಂದೂ ಒಂದಿತ್ತು ಕಣ್ಲಾ. ಸಣ್ಣದು. ಕಣ್ಣು ಇರೋದ್ರೊಳಗೆ ಒಂದ್ಸಲ ನೋಡ್ಬೇಕು. ಮಾಡಿಕೊಡ್ತೀಯಾ?"

ಮಾಡುತ್ತೇನೆ ಅಂದೆ. ಅಲ್ಲಿಯವರೆಗೆ ನನ್ನ ಯಾವ ವಿಮಾನಕ್ಕೂ ಯಾರೂ ಕಾದಿರಲಿಲ್ಲ.

ನ್ಯಾಟಿನ ಚೂರುಗಳ ಡಬ್ಬಿಯನ್ನು ಬೆಂಗಳೂರಿನ ಆ ಗಿರಾಕಿಯೇ ಹೊರದೇಶದಿಂದ ತರಿಸಿಕೊಟ್ಟರು. ಅದು ಬರುವುದಕ್ಕೇ ಏಳು ತಿಂಗಳು ಹಿಡಿಯಿತು. ಅಳತೆ ನಲವತ್ತೆಂಟಕ್ಕೆ ಒಂದು, ಅಂದರೆ ನಿಜದಲ್ಲಿ ನಲವತ್ತೆಂಟು ಅಂಗುಲ ಇದ್ದದ್ದು ನನ್ನ ಹತ್ತಿರ ಒಂದು ಅಂಗುಲ. ವಿಮಾನವೇನೋ ಸಿಕ್ಕಿತು, ಅದು ನಿಂತಿದ್ದ ಜಾಗದ ಫೋಟೋ ಎಲ್ಲಿಯೂ ಸಿಗಲಿಲ್ಲ. ಹೆಸರೇ ಹೇಳದ ಊರಿನ ಫೋಟೋವನ್ನು ಹುಡುಕುವುದಾದರೂ ಹೇಗೆ? ಫೋಟೋದಲ್ಲಿಲ್ಲದ್ದು ಇರಬಾರದು ಎಂಬ ನನ್ನ ನಿಯಮವನ್ನು ಮಡಚಿ ಜೇಬಿಗಿಟ್ಟುಕೊಂಡು, ತಿಂಗಳಿಗೊಂದು ಭಾನುವಾರ ಕಲ್ಯಾಣದುರ್ಗದ ಬಸ್ಸು ಹತ್ತತೊಡಗಿದೆ.

ಮಾವ ಮಗಳ ಮನೆಯಲ್ಲಿದ್ದರು. ಚಿತ್ರ ಬರೆದು ತೋರಿಸಿ ಎಂದರೆ ಕೈ ನಡುಗುತ್ತದೆ ಅಂದರು. ಅಂಗಳದಲ್ಲಿ ಒಣಹಾಕಿದ್ದ ಕಡಲೆಕಾಯಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಎರಡೂ ಕೈಯಿಂದ ಬಾಚಿ ಬಾಚಿ ಮೂರು ಕಡೆ ದಿಬ್ಬ ಎಬ್ಬಿಸಿದರು. ವಿಮಾನಕ್ಕೆ ಬಾಂಬಿನ ಚೂರು ತಾಗದಿರಲೆಂದು ಮಣ್ಣು ಏರಿಸಿ ಮಾಡುವ ಗೂಡು ಅದು. ನಡುವೆ ಬೆಂಕಿಪೊಟ್ಟಣ ಇಟ್ಟು, ಇದೇ ನನ್ನ ನ್ಯಾಟ್ ಅಂದರು. ಆಕಾಶದಿಂದ ಕಾಣದ ಹಾಗೆ ಹೊದಿಸುವ ಬಲೆ ಇಲ್ಲಿಂದ ಇಲ್ಲಿಗೆ, ಕೈ ತೊಳೆಯುವ ನೀರಿನ ಡಬ್ಬ ಈ ಮೂಲೆಗೆ, ನಾವು ಮಲಗುತ್ತಿದ್ದ ಹಗ್ಗದ ಮಂಚ ಆ ದಿಬ್ಬದ ಹಿಂದೆ, ಸೈಕಲ್ಲು ಈ ಕಡೆಯಲ್ಲ ಆ ಕಡೆ. ನಾನು ಟೇಪು ಹಿಡಿದು ಕಡಲೆಕಾಯಿ ದಿಬ್ಬವನ್ನು ಅಳೆದು ಬರೆದುಕೊಂಡೆ. ಒಣಗಬೇಕಾದ ಕಾಯಿಯನ್ನು ಗುಡ್ಡೆ ಹಾಕಿದ್ದಕ್ಕೆ ಮಾವನ ಮಗಳು ಇಬ್ಬರಿಗೂ ಸೇರಿಸಿ ತೆಲುಗಿನಲ್ಲಿ ಬೈದಳು.

ನೆಲದ ವಿಷಯದಲ್ಲಿ ಮಾತ್ರ ನಾನು ಕೇಳದೇ ಎಡವಿದೆ. ನೆಲವೆಂದರೆ ಕೆಂಪು ಎಂದು ನನ್ನ ಕಣ್ಣಿಗೆ ಅಂಟಿಹೋಗಿತ್ತು. ಜರಡಿ ಹಿಡಿದ ಕೆಮ್ಮಣ್ಣಿನಲ್ಲಿ ಇಡೀ ಗೂಡು ಕಟ್ಟಿ, ಮೂಲೆಯ ಒಂದು ತುಂಡನ್ನು ತೋರಿಸಲು ಒಯ್ದೆ. ಮಾವ ಅದನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಮ್ಮ ಹೊಲವನ್ನೇ ತಗೊಂಡೋಗಿ ಅಲ್ಲಿ ಹಾಕ್ಬುಟ್ಟಿದ್ದೀಯಲ್ಲೋ ಎಂದು ನಕ್ಕರು. ಅಲ್ಲಿಯ ಮಣ್ಣು ನವಣೆ ಹಿಟ್ಟಿನ ಬಣ್ಣ, ತುಳಿದರೆ ಹೊಗೆಯ ಹಾಗೆ ಏಳುತ್ತಿತ್ತು, ಮೊದಲ ದಿನ ನೋಡಿದಾಗ ಈ ಊರಿನ ನೆಲಕ್ಕೆ ರಕ್ತವೇ ಇಲ್ಲ ಅಂದುಕೊಂಡೆ ಅಂದರು. ಮೂರು ತಿಂಗಳ ಕೆಲಸ ಮಣ್ಣುಪಾಲು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾವ ಫೋಟೋ ನನಗೆ ಇದನ್ನು ಹೇಳುತ್ತಿತ್ತು? ಆ ಕಾಲದ ಫೋಟೋಗಳೆಲ್ಲ ಕಪ್ಪು ಬಿಳುಪು. ಬತ್ತಿದ ಕೆರೆಯ ಅಂಗಳದ ತಿಳಿಮಣ್ಣು ತಂದು, ಒಲೆಯ ಬೂದಿ ಬೆರೆಸಿ, ಗೂಡನ್ನು ಮತ್ತೆ ಮೊದಲಿನಿಂದ ಕಟ್ಟಿದೆ. ಬಲೆಗೆ ಗಾಯಕ್ಕೆ ಕಟ್ಟುವ ಬಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದೆ. ಮೂಟೆಗಳನ್ನು ಈ ಸಲ ಪೈಪಿನ ಸೋರಿಕೆಗೆ ಮೆತ್ತುವ ಗಟ್ಟಿ ಅಂಟಿನಲ್ಲಿ ಮಾಡಿದೆ. ಇರುವೆಗಳು ಬಂದು ಮೂಸಿ ನೋಡಿಕೊಂಡು ಹೋದವು.

ಅಷ್ಟರಲ್ಲಿ ಮಾವನ ಕಣ್ಣಿನ ಪೈಪು ಕಿರಿದಾಗುತ್ತಾ ಬರುತ್ತಿತ್ತು. ಒಂದು ಭಾನುವಾರ ಮಾವ ಎದುರಿಗಿದ್ದ ಕಾಫಿ ಲೋಟಕ್ಕೆ ಕೈ ಹಾಕಿ ಪಕ್ಕದ ಗಾಳಿಯನ್ನು ಹಿಡಿದರು. ಇನ್ನೊಂದು ಭಾನುವಾರ ನನ್ನ ಮುಖ ನೋಡಲು ತಲೆಯನ್ನು ಕೋಳಿಯ ಹಾಗೆ ಅತ್ತಿತ್ತ ತಿರುಗಿಸಬೇಕಾಯಿತು. ಎಲ್ಲಿಗೆ ಬಂತು ಎಂದು ಅವರು ಒಮ್ಮೆಯೂ ಅವಸರ ಮಾಡಲಿಲ್ಲ. ದಸರಾ ಹೊತ್ತಿಗೆ ತತ್ತೀನಿ ಮಾವ ಎಂದು ನಾನೇ ಮಾತು ಕೊಟ್ಟೆ.

ಕೊಟ್ಟ ಮಾತಿನಂತೆ ಆಯುಧಪೂಜೆಯ ಹಿಂದಿನ ದಿನ ಎಲ್ಲ ಮುಗಿಯಿತು. ವಿಮಾನದ ಮೇಲೆ ಹಸಿರು ಮತ್ತು ಬೂದು ಪಟ್ಟೆ. ಯುದ್ಧ ಬಂತೆಂದು ಅವಸರದಲ್ಲಿ ಕುಂಚದಿಂದ ಬಳಿದದ್ದು, ಗೆರೆ ಎಲ್ಲಿಯೂ ನೇರ ಇರಲಿಲ್ಲ ಎಂದು ಮಾವ ಹೇಳಿದ್ದರು. ನೇರ ಗೆರೆ ಎಳೆದೇ ಬದುಕಿದ ನನ್ನ ಕೈಗೆ ಸೊಟ್ಟ ಗೆರೆ ಎಳೆಯಲು ಹತ್ತು ದಿನ ಬೇಕಾಯಿತು. ಕೊನೆಯದಾಗಿ ರೆಕ್ಕೆಗೆ ಡಬ್ಬಿಯ ಜೊತೆ ಬಂದಿದ್ದ ನಮ್ಮ ವಿಮಾನಪಡೆಯ ಗುರುತು, ಕೇಸರಿ, ಬಿಳಿ, ಹಸಿರಿನ ವೃತ್ತ ಅಂಟಿಸಿದೆ. ಮೇಲೆ ಕಾಪಾಡುವ ವಾರ್ನಿಷ್ ಒಂದು ಪದರ ಬಾಕಿ ಇತ್ತು. ಹಬ್ಬದ ಮಾರನೆಯ ದಿನ ಹೊಡೆದು, ಅದರ ಮಾರನೆಯ ದಿನ ಹೊರಡುವುದು ಎಂದುಕೊಂಡೆ.

ಆಯುಧಪೂಜೆಯ ಬೆಳಿಗ್ಗೆ ನನಗೆ ಉಸಿರಾಡಲು ಪುರುಸೊತ್ತಿಲ್ಲ. ಊರಿನ ಗಾಡಿಗಳಿಗೆಲ್ಲ ಅವತ್ತೇ ಹೊಸ ಸ್ಟಿಕ್ಕರ್ ಬೇಕು. ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಗೆ ಬಂದು ನೋಡಿದೆ. ಮಷೀನಿಗೆ ಕುಂಕುಮ, ಕಂಪ್ರೆಸರಿಗೆ ಕುಂಕುಮ, ಬ್ಲೇಡುಗಳಿಗೆ, ಕತ್ತರಿಗೆ, ಸ್ಕೇಲಿಗೆ ಕುಂಕುಮ. ನನ್ನ ನ್ಯಾಟಿನ ಎರಡೂ ರೆಕ್ಕೆಯ ಮೇಲೆ, ಮೂತಿಯ ಮೇಲೆ, ನೀರಿನಲ್ಲಿ ಕಲಸಿದ ಅರಿಶಿನ, ಅದರ ಮೇಲೆ ದುಂಡಗೆ ಕುಂಕುಮ. ಬಾಲಕ್ಕೆ ಒಂದು ಎಸಳು ಸೇವಂತಿಗೆ. ಮೂರು ಚಕ್ರದ ಕೆಳಗೂ ಏನೋ ಬೆಳ್ಳಗೆ ಇತ್ತು. ಬಗ್ಗಿ ನೋಡಿದರೆ ನಿಂಬೆಬೀಜ. ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಡುವ ಹಾಗೆ, ಇಷ್ಟು ಸಣ್ಣ ಗಾಡಿಗೆ ಹಣ್ಣು ದೊಡ್ಡದಾಯಿತೆಂದು ನನ್ನ ಹೆಂಡತಿ ಬೀಜ ಇಟ್ಟಿದ್ದಳು.

ನಾನು ಕೂಗಾಡಿದೆ. ಹಬ್ಬದ ದಿನ ಹೆಂಡತಿಯ ಮೇಲೆ ಹಾಗೆ ಕೂಗಾಡಬಾರದು, ಅದೂ ಗಿರಾಕಿಗಳು ಕೇಳುವ ಹಾಗೆ. ಅವಳು ಹೆದರಲಿಲ್ಲ.

"ವಾಹನಾನೂ ಅದೇ, ಆಯುಧಾನೂ ಅದೇ. ನಿಮ್ಮ ಕತ್ತರಿಗೆ ಇಟ್ಟು ಅದನ್ನ ಬಿಡಾದು ಹೆಂಗೆ? ಕಾಯ್ತಾ ಇರೋರ ಕಣ್ಣಿಗೆ ಒಳ್ಳೇದಾಗ್ಲಿ ಅಂತ ಇಟ್ಟೆ" ಅಂದಳು.

ವಾದದಲ್ಲಿ ಲೋಪ ಹುಡುಕಲು ನನಗೆ ಆಗಲಿಲ್ಲ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿದ್ದರೆ ಮುಕ್ಕಾಲು ಪಾಲು ಹೋಗುತ್ತಿತ್ತೋ ಏನೋ. ನಾನು ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದೆ. ಕುಂಕುಮ ಹರಡಿ ಎಡ ರೆಕ್ಕೆಯೆಲ್ಲ ಗುಲಾಬಿಯಾಯಿತು, ಹತ್ತು ದಿನದ ಸೊಟ್ಟ ಗೆರೆ ಎದ್ದುಬಂತು, ಮೂರು ಬಣ್ಣದ ವೃತ್ತ ಸುಕ್ಕುಗಟ್ಟಿ ಬಟ್ಟೆಗೆ ಅಂಟಿಕೊಂಡಿತು. ಅವಳು ಹಚ್ಚಿದ್ದು ಮೂರು ಬೊಟ್ಟು, ಹಾಳು ಮಾಡಿದವನು ನಾನು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಹಳೆಯ ಬಣ್ಣ ಕೆರೆದು, ಹೊಸದು ಹೊಡೆದು, ಒಣಗಿಸಿ, ವೃತ್ತಗಳನ್ನು ಮತ್ತೆ ತರಿಸಬೇಕೆಂದರೆ ತಿಂಗಳು ಬೇಕು.

ಅವತ್ತೇ ಸಂಜೆ ಕಲ್ಯಾಣದುರ್ಗದಿಂದ ಫೋನು ಬಂತು. ಮಾವ ಬೆಳಗಿನಿಂದ ಗೋಡೆ ಹಿಡಿದು ನಡೆಯುತ್ತಿದ್ದಾರೆ, ಯಾವಾಗ ಬತ್ತೀಯ ಅಂತ ಕೇಳ್ತಾರೆ ಎಂದು ಅವರ ಮಗಳು ಹೇಳಿದಳು. ಇನ್ನು ತಿಂಗಳು ಕಾಯುವ ಮಾತೇ ಇರಲಿಲ್ಲ. ರೆಕ್ಕೆಗೆ ಆದಷ್ಟು ತೇಪೆ ಹಾಕಿದೆ. ವೃತ್ತವನ್ನು ಕೈಯಲ್ಲೇ ಬರೆದೆ. ಎಷ್ಟು ಬಳಿದರೂ ಅರಿಶಿನ ಕುಂಕುಮದ ನೆರಳು ಕೆಳಗಿನಿಂದ ಇಣುಕುತ್ತಲೇ ಇತ್ತು.

ಎರಡು ದಿನ ಬಿಟ್ಟು ಹೊರಟೆವು. ನನ್ನ ಹೆಂಡತಿಯೂ ಬಂದಳು. ಬೇಡವೆಂದಿದ್ದೆ. ತಪ್ಪು ನಂದಾದರೆ ನಾನೇ ಹೇಳ್ಕೋತೀನಿ ಅಂದಳು. ಅಕ್ಕಿಮೂಟೆಯಷ್ಟು ಅಗಲದ ರಟ್ಟಿನ ಪೆಟ್ಟಿಗೆಯನ್ನು ಇಬ್ಬರ ತೊಡೆಯ ಮೇಲೂ ಅಡ್ಡ ಇಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ಎತ್ತಿಹಿಡಿದು ಹೋದೆವು. ಒಟ್ಟಿಗೆ ಎತ್ತದಿದ್ದರೆ ಅದು ಉಳಿಯುತ್ತಿರಲಿಲ್ಲ ಎಂದು ನನಗೆ ಅವತ್ತೂ ಗೊತ್ತಿತ್ತು. ಹೇಳಲಿಲ್ಲ.

ಮಾವನಿಗೆ ಬಿಸಿಲಿನಲ್ಲಿ ಸ್ವಲ್ಪ ಕಾಣುತ್ತಿತ್ತು. ಅಂಗಳದ ನಡುವೆ ಸ್ಟೂಲಿನ ಮೇಲೆ ಗೂಡನ್ನು ಇಟ್ಟೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾದಿದ್ದರು. ಮಂಡಿಯೂರಿ ಕೂತು, ಮುಖವನ್ನು ದಿಬ್ಬದ ಬಾಯಿಗೆ ತಂದು, ತಲೆಯನ್ನು ಇಷ್ಟಿಷ್ಟೇ ತಿರುಗಿಸುತ್ತಾ ನೋಡಿದರು. ನೀರಿನ ಡಬ್ಬ ನೋಡಿದರು. ಮಂಚ ನೋಡಿದರು. ಮಣ್ಣನ್ನು ಬೆರಳಿನಿಂದ ಉಜ್ಜಿ, ಆ ಬೆರಳನ್ನು ಕಣ್ಣಿಗೆ ತಂದುಕೊಂಡು ನೋಡಿದರು. ಕಡೆಗೆ ಅವರ ಕಣ್ಣು ಎಡ ರೆಕ್ಕೆಗೆ ಬಂದು ಅಲ್ಲೇ ನಿಂತಿತು. ಇದೇನ್ಲಾ ಕೆಂಪಗೆ ಅಂದರು.

ನಾನು ಬಡಬಡ ಹೇಳಿದೆ. ಆಯುಧಪೂಜೆ, ಇವಳು ಕುಂಕುಮ ಇಟ್ಟದ್ದು, ನಾನು ಒರೆಸಲು ಹೋಗಿ ಕೆಡಿಸಿದ್ದು. ಇದೊಂದು ತಪ್ಪಾಗಿ ಉಳಿದುಬಿಟ್ಟಿತು, ಕ್ಷಮಿಸಬೇಕು ಅಂದೆ. ಮಾವ ನನ್ನ ಕಡೆ ತಿರುಗಲಿಲ್ಲ. ತಲೆಯನ್ನು ಅತ್ತಿತ್ತ ಆಡಿಸಿ ನನ್ನ ಹೆಂಡತಿ ನಿಂತಿದ್ದ ಜಾಗವನ್ನು ಹುಡುಕಿಕೊಂಡರು.

"ರೆಕ್ಕೆ ಮ್ಯಾಲೆ ಇಕ್ಕಬಾರದು ಕಣಮ್ಮ. ಸಾರ್ಜೆಂಟು ನೋಡ್ಬುಡ್ತಾನೆ."

ಎರಡೂ ಕೈಯಲ್ಲಿ ವಿಮಾನವನ್ನು ಎತ್ತಿಕೊಂಡರು. ಹುಟ್ಟಿದ ಕೂಸನ್ನು ಮಗುಚುವ ಹಾಗೆ ಹೊಟ್ಟೆ ಮೇಲೆ ಮಾಡಿ, ಮುಂದಿನ ಚಕ್ರದ ಪಕ್ಕದಲ್ಲಿ ತೆರೆದುಕೊಂಡಿದ್ದ ಅಕ್ಕಿಕಾಳಿನಷ್ಟು ಬಾಗಿಲನ್ನು ಉಗುರಿನಿಂದ ತಡವಿದರು. ಅದರ ಒಳಮೈ ತೋರಿಸಿ, ಇಲ್ಲಿ ಅಂದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ಯಾರಿಗೂ ಹೇಳದ್ದನ್ನು ಹೇಳಿದರು.

ಎಪ್ಪತ್ತೊಂದರ ಆಯುಧಪೂಜೆಗೆ ಅವರ ಅವ್ವ, ಅಂದರೆ ನನ್ನ ಅಜ್ಜಿ, ಊರಿನಿಂದ ಕುಂಕುಮ ಕಳಿಸಿದ್ದಳು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಯಾರ ಕೈಯಲ್ಲೋ ನಾಲ್ಕು ಸಾಲು ಬರೆಸಿ, ಮನೆದೇವರ ಕುಂಕುಮವನ್ನು ಪೊಟ್ಟಣ ಕಟ್ಟಿ ಕಾಗದದೊಳಗೆ ಇಟ್ಟಿದ್ದಳು. ವಿಮಾನದ ಮೇಲೆ ಕಾಣುವ ಹಾಗೆ ಏನೂ ಹಚ್ಚುವಂತಿಲ್ಲ ಎಂದು ಅವರ ಸಾರ್ಜೆಂಟು ಮೊದಲೇ ಗದರಿಸಿದ್ದ. ಮಾವ ಕುಂಕುಮವನ್ನು ಗ್ರೀಸಿನಲ್ಲಿ ಕಲಸಿ, ಮಳೆಗೂ ಗಾಳಿಗೂ ಹೋಗದ ಹಾಗೆ, ಚಕ್ರದ ಬಾಗಿಲ ಒಳಮೈಗೆ ಒಂದು ಬೊಟ್ಟು ಇಟ್ಟರು. ಚಕ್ರ ಒಳಗೆ ಹೋದರೆ ಬಾಗಿಲು ಮುಚ್ಚುತ್ತದೆ, ಬೊಟ್ಟು ಯಾರಿಗೂ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಯುದ್ಧ ಹತ್ತಿತು. ವಿಮಾನ ಹೋಗುವುದು, ಇವರು ಖಾಲಿ ಗೂಡಿನಲ್ಲಿ ಕಾಯುವುದು. ಬಂದು ನಿಂತಾಗ ಎಲ್ಲರೂ ಪೈಲಟ್ಟಿನ ಕಡೆ ಓಡಿದರೆ ಇವರು ಮೊದಲು ಬಗ್ಗಿ ಚಕ್ರದ ಬಾಗಿಲು ನೋಡುತ್ತಿದ್ದರು. ಐತೆ, ಎಂದು ಮನಸ್ಸಿನಲ್ಲೇ ಅಂದುಕೊಂಡು ಕೆಲಸಕ್ಕೆ ಕೈ ಹಾಕುತ್ತಿದ್ದರು. ಪಕ್ಕದ ಗೂಡಿನದು ಒಂದು ದಿನ ಬರಲಿಲ್ಲ. ಆ ಗೂಡಿನ ಹುಡುಗರು ಮೂರು ದಿನ ಬಲೆ ತೆಗೆಯದೆ ಕೂತಿದ್ದರು. ಅದಕ್ಕೂ ಕುಂಕುಮಕ್ಕೂ ಸಂಬಂಧ ಇಲ್ಲ, ನಾನು ಮೆಕ್ಯಾನಿಕ್ಕು, ಅಷ್ಟು ನಂಗೊತ್ತು ಅಂದರು. ಆದರೂ ಅದಾದ ಮೇಲೆ ಕುಂಕುಮದ ಮಾತನ್ನು ಬಾಯಿಬಿಟ್ಟು ಆಡಲು ಅವರಿಗೆ ಮನಸ್ಸಾಗಲಿಲ್ಲ. ಅವ್ವನಿಗೂ ಹೇಳಲಿಲ್ಲ. ಅವಳು ಹೋದ ಮೇಲೆ ಹೇಳಲು ಯಾರೂ ಉಳಿಯಲಿಲ್ಲ.

ನಾನು ಫೋಟೋಗಳಲ್ಲಿ ಭೂತಗನ್ನಡಿ ಹಿಡಿದು ಹುಡುಕಿದವನು. ಈ ಬೊಟ್ಟು ಯಾವ ಫೋಟೋದಲ್ಲಿ ಸಿಗಬೇಕಿತ್ತು? ನನ್ನ ಹೆಂಡತಿ ತಪ್ಪು ಜಾಗದಲ್ಲಿ ಕುಂಕುಮ ಇಡದಿದ್ದರೆ, ಸರಿಯಾದ ಜಾಗ ಯಾವುದೆಂದು ಮಾವ ಬಾಯಿಬಿಡುತ್ತಿರಲಿಲ್ಲ. ಅವಳ ಕಡೆ ನೋಡಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳಿಗೆ ನಾನು ಎಷ್ಟು ಋಣಿಯೋ ಅವತ್ತು ಅಷ್ಟನ್ನೂ ಒಟ್ಟಿಗೆ ಅನುಭವಿಸಿದೆ, ಇರುವೆಯ ದಿನದಿಂದ ಹಿಡಿದು.

ನಿಂಬೆಬೀಜದ ಕಥೆಯನ್ನೂ ಹೇಳಿದೆ. ನಲವತ್ತೆಂಟರ ಲೆಕ್ಕಕ್ಕೆ ಹಿಡಿದರೆ ಅದು ನಿಂಬೆಹಣ್ಣಲ್ಲ, ಬೂದುಗುಂಬಳಕಾಯಿ ಆಗುತ್ತದೆ ಎಂದೆ. ಮಾವ ಕೆಮ್ಮು ಬರುವಷ್ಟು ನಕ್ಕರು. ಕುಂಬಳಕಾಯಿ ಒಡೆಯೋದು ನಮಗೆ ಬಾಕಿ ಉಳಿದಿತ್ತು, ಅದೂ ಆಯ್ತು ಬಿಡು ಅಂದರು.

ಆಮೇಲೆ ಮಗಳನ್ನು ಕರೆದು ಹಳೆಯ ಅಂಗಡಿಯ ಗ್ರೀಸ್ ಡಬ್ಬ ತರಿಸಿದರು. ನನ್ನ ಹೆಂಡತಿ ಒಳಗೆ ಹೋಗಿ ದೇವರ ಮುಂದಿನ ಕುಂಕುಮ ತಂದು ಕಲಸಿದಳು. ಪೊರಕೆ ಕಡ್ಡಿಯ ತುದಿಯನ್ನು ನಾನು ಬ್ಲೇಡಿನಿಂದ ಚೂಪು ಮಾಡಿದೆ. ನೀನೇ ಇಡು ಎಂದು ಮಾವ ಅವಳಿಗೆ ಹೇಳಿದರು. ನಿಮ್ಮ ವಿಮಾನ, ದೊಡ್ಡಪ್ಪ, ನೀವೇ ಇಡಬೇಕು ಎಂದು ಅವಳು ಕಡ್ಡಿಯನ್ನು ಅವರ ಕೈಗೆ ಕೊಟ್ಟು, ನಡುಗುವ ಮಣಿಕಟ್ಟನ್ನು ತಾನು ಹಿಡಿದುಕೊಂಡಳು. ವಿಮಾನವನ್ನು ನಾನು ಹಿಡಿದಿದ್ದೆ. ಮೂರನೇ ಸಲಕ್ಕೆ ಕಡ್ಡಿ ಬಾಗಿಲಿಗೆ ತಾಗಿತು. ಸಾಸಿವೆಯಷ್ಟು ಕೆಂಪು ಅಲ್ಲಿ ನಿಂತಿತು. ಮಾವ ಅದನ್ನು ಕಣ್ಣಿಗೆ ಒತ್ತುವಷ್ಟು ಹತ್ತಿರ ತಂದುಕೊಂಡು, ಬಿಸಿಲಿಗೆ ತಿರುಗಿಸಿ, ಬಹಳ ಹೊತ್ತು ನೋಡಿದರು. ಕಂಡಿತು. ಅವರು ಹೇಳುವ ಮೊದಲೇ ಅವರ ಮುಖದಲ್ಲಿ ನನಗದು ತಿಳಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿಗೆ, ತಪ್ಪಾಯಿತು, ಎಂದೆ. ಯಾವುದು, ಥಿನ್ನರಾ, ಕೂಗಾಡಿದ್ದಾ ಎಂದು ಕೇಳಿದಳು. ಎರಡೂ ಅಂದೆ. ಮೈದಾ ಹಿಟ್ಟಿನದನ್ನೂ ಸೇರಿಸಿಕೊಳ್ಳಿ ಅಂದಳು. ಮೂರು ನಿಂಬೆಬೀಜಗಳನ್ನು ನಾನು ಬಿಸಾಡಲಿಲ್ಲ. ಕಪಾಟಿನಲ್ಲಿ ನ್ಯಾಟ್ ಇರಬೇಕಿದ್ದ ಜಾಗದಲ್ಲಿ ಈಗ ಅವು ಇವೆ.

ಸಂಕ್ರಾಂತಿ ಕಳೆದ ಮೇಲೆ ಮಾವನ ಎಡಗಣ್ಣೂ ಹೋಯಿತು. ಗೂಡು ಅವರ ಮಂಚದ ಪಕ್ಕದ ಮೇಜಿನ ಮೇಲಿದೆ. ದಿನವೂ ಬೆಳಿಗ್ಗೆ ಮುಖ ತೊಳೆದು ಬಂದು, ಮೇಜನ್ನು ತಡವಿ, ವಿಮಾನವನ್ನು ಎತ್ತಿ, ಮಗುಚಿ, ಬೆರಳ ತುದಿಯಿಂದ ಚಕ್ರದ ಬಾಗಿಲನ್ನು ಹುಡುಕುತ್ತಾರಂತೆ. ಗ್ರೀಸು ಒಣಗಿ ಚಿಕ್ಕದೊಂದು ಉಬ್ಬಾಗಿದೆ. ಅದು ಕೈಗೆ ಸಿಕ್ಕಿದರೆ ಐತೆ ಅಂದು, ವಿಮಾನವನ್ನು ಗೂಡಿನಲ್ಲಿಟ್ಟು, ಕಾಫಿ ಕೇಳುತ್ತಾರಂತೆ.

ಹೋದ ತಿಂಗಳು ನಾನು ಅಲ್ಲಿದ್ದಾಗ ಮಾವನನ್ನು ನೋಡಲು ಒಬ್ಬರು ಬಂದರು. ಬ್ರಹ್ಮಸಮುದ್ರದ ಕಡೆಯ ರೈತರು, ಮಾವನ ಹಳೆಯ ಗಿರಾಕಿ. ಮಾವನ ಕೈಯಲ್ಲಿದ್ದ ನ್ಯಾಟನ್ನು ಬೆರಗಿನಿಂದ ನೋಡಿದರು. ಎಲ್ಲರೂ ಕೇಳುವುದನ್ನೇ ಅವರೂ ಕೇಳಿದರು, ಇದು ಹಾರ್ತದಾ ಅಂತ. ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಮಾವನ ಬೆರಳು ಇನ್ನೂ ಚಕ್ರದ ಬಾಗಿಲ ಮೇಲೇ ಇತ್ತು.

"ಹಾರಿ ವಾಪಸ್ ಬಂದೈತೆ ಕಣಪ್ಪ" ಅಂದರು.